ಮುಗಿಲು ತಿರುಗುವ ಬಯಲಿನಲ್ಲಿ

ಶನಿವಾರ, ಸರಿಯಾಗಿ ಮಧ್ಯಾಹ್ನ ಹನ್ನೆರಡು ಗಂಟೆ. ಅಮೆರಿಕದ ಒಕ್ಲಹೋಮಾ ರಾಜ್ಯದ ನಾರ್ಮನ್ ಊರಿನ ಮೇಲೆ ಸೈರನ್ ಕೂಗಲು ಶುರುವಿಡುತ್ತದೆ. ಮೊದಲು ಎಲ್ಲೋ ದೂರದಲ್ಲಿ ಒಂದು, ಅದಕ್ಕೆ ಓಗೊಟ್ಟಂತೆ ಇನ್ನೊಂದು, ಆಮೇಲೆ ನಮ್ಮ ಬೀದಿಯ ಕಂಬದಿಂದಲೇ ಮತ್ತೊಂದು. ಕೆಳಸ್ವರದಿಂದ ಏರಿ, ಏರಿದಲ್ಲೇ ನಿಂತು, ಕಿವಿ ತುಂಬಿ, ಮೆಲ್ಲನೆ ಇಳಿಯುವ ಆ ಕೂಗಿಗೆ ನನ್ನ ಮೈ ಜುಮ್ಮೆನ್ನುತ್ತದೆ. ಎದುರು ಮನೆಯ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿರುವಾತ ತಲೆಯೆತ್ತಿಯೂ ನೋಡುವುದಿಲ್ಲ. "ಪರೀಕ್ಷೆಗೆ ಕೂಗಿಸೋದು ಚಿಕ್ಕಮ್ಮ, ವಾರಕ್ಕೊಮ್ಮೆ. ಆಕಾಶ ಕೆಟ್ಟಿದ್ದರೆ ಆ ದಿನ ಪರೀಕ್ಷೆ ಇರಲ್ಲ, ಜನ ನಿಜ ಅಂದ್ಕೋತಾರೆ ಅಂತ," ಎನ್ನುತ್ತಾನೆ ಅಕ್ಕನ ಮಗ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹವಾಮಾನ ವಿಜ್ಞಾನ ಓದುತ್ತಿರುವ ಹುಡುಗ. ಮೇ ತಿಂಗಳಲ್ಲಿ ಬಾ, ಮುಗಿಲು ತಿರುಗುವುದನ್ನು ತೋರಿಸುತ್ತೇನೆ ಎಂದು ಕರೆದವನು ಅವನೇ. ಇಂದು ಆಕಾಶ ತಿಳಿನೀಲಿ. ನಾಳೆ ಹಾಗಿರುವುದಿಲ್ಲ.

ನಾಳೆಯ ಆಕಾಶವನ್ನು ಇಡೀ ದೇಶಕ್ಕೆ ಮುಂಚಿತವಾಗಿ ಹೇಳುವ ಮನೆ ಇದೇ ಊರಿನಲ್ಲಿದೆ. ನಿನ್ನೆ ಅವನು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. 2006ರಲ್ಲಿ ತೆರೆದ ರಾಷ್ಟ್ರೀಯ ಹವಾಮಾನ ಕೇಂದ್ರ ಅದು. ಉಗ್ರ ಬಿರುಗಾಳಿಗಳ ಮುನ್ಸೂಚನೆ ಕೊಡುವ ಕಚೇರಿ, ಅವುಗಳನ್ನು ಅಭ್ಯಾಸ ಮಾಡುವ ಪ್ರಯೋಗಾಲಯ, ವಿಶ್ವವಿದ್ಯಾಲಯದ ಹವಾಮಾನ ವಿಭಾಗ ಎಲ್ಲವೂ ಒಂದೇ ಸೂರಿನಡಿ. ಒಳಗಿನ ಕಾಫಿ ಅಂಗಡಿಯ ಹೆಸರು ‘ಫ್ಲೈಯಿಂಗ್ ಕೌ’. 1996ರ ‘ಟ್ವಿಸ್ಟರ್’ ಸಿನಿಮಾದಲ್ಲಿ ಸುಂಟರಗಾಳಿಗೆ ಸಿಕ್ಕಿ ಹಾರಿಹೋಗುವ ಹಸುವಿನ ನೆನಪಿಗೆ. ಆ ಸಿನಿಮಾಕ್ಕೆ ಸ್ಫೂರ್ತಿಯಾದ ಪೀಪಾಯಿಯೂ ಇಲ್ಲಿದೆ. ಅದರ ಹೆಸರು ಟೋಟೋ. 1980ರ ದಶಕದಲ್ಲಿ ವಿಜ್ಞಾನಿಗಳು ಗಾಳಿ, ಒತ್ತಡ, ಉಷ್ಣತೆ ಅಳೆಯುವ ಉಪಕರಣಗಳನ್ನು ಅದರಲ್ಲಿಟ್ಟು, ಪಿಕಪ್ ಟ್ರಕ್ಕಿನಲ್ಲಿ ಹೇರಿಕೊಂಡು ಹೋಗಿ, ಸುಂಟರಗಾಳಿ ಬರುವ ದಾರಿಯಲ್ಲಿ ಇಳಿಸಿ ಓಡಿಬರುತ್ತಿದ್ದರು. ಸುಂಟರಗಾಳಿ ನೇರವಾಗಿ ಅದರ ಮೇಲೆ ಹಾಯಲೇ ಇಲ್ಲ. ಆದರೂ ಆ ಪೀಪಾಯಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಎಲ್ಲರೂ ಬಿಟ್ಟೋಡುವ ಕಡೆಗೇ ಓಡಿ, ಅಲ್ಲೇನಿದೆಯೆಂದು ನೋಡಿ ಬಂದವರ ಕೈ ಮುಟ್ಟಿದ ವಸ್ತು ಅದು.

ಸುಂಟರಗಾಳಿಯನ್ನು ಮುಂದಾಗಿ ಹೇಳಬಹುದೆಂಬ ಧೈರ್ಯ ಹುಟ್ಟಿದ್ದೂ ಇಲ್ಲಿಗೆ ಹತ್ತಿರದಲ್ಲೇ. ಒಕ್ಲಹೋಮಾ ಸಿಟಿಯ ಪಕ್ಕದ ಟಿಂಕರ್ ವಾಯುನೆಲೆಗೆ 1948ರ ಮಾರ್ಚ್ 20ರ ರಾತ್ರಿ ಸುಂಟರಗಾಳಿ ಹೊಕ್ಕು ವಿಮಾನಗಳನ್ನು ನುಚ್ಚುನೂರು ಮಾಡಿತು. ಇದನ್ನು ಮೊದಲೇ ತಿಳಿಯಲಾಗದೇ ಎಂದು ಮೇಲಧಿಕಾರಿಗಳು ಕೇಳಿದರು. ಅರ್ನೆಸ್ಟ್ ಫಾಬುಷ್ ಮತ್ತು ರಾಬರ್ಟ್ ಮಿಲ್ಲರ್ ಎಂಬ ಇಬ್ಬರು ಸೇನಾ ಹವಾಮಾನ ಅಧಿಕಾರಿಗಳು ಹಳೆಯ ನಕ್ಷೆಗಳನ್ನು ಹರಡಿಕೊಂಡು ಕೂತರು. ಐದೇ ದಿನಗಳ ನಂತರ, ಮಾರ್ಚ್ 25ರ ಬೆಳಗ್ಗೆ, ಅವರ ಮುಂದಿನ ನಕ್ಷೆ 20ನೇ ತಾರೀಖಿನ ನಕ್ಷೆಯನ್ನೇ ಹೋಲುತ್ತಿತ್ತು. ಎದೆ ಗಟ್ಟಿಮಾಡಿಕೊಂಡು ಎಚ್ಚರಿಕೆ ಬರೆದರು. ವಿಮಾನಗಳನ್ನು ಒಳಗೆ ಸರಿಸಿದರು. ಅದೇ ಸಂಜೆ ಅದೇ ನೆಲೆಯ ಮೇಲೆ ಸುಂಟರಗಾಳಿ ಬಂತು! ಜನ ಗಾಬರಿಯಾದಾರೆಂದು ಸರ್ಕಾರಿ ಹವಾಮಾನ ಇಲಾಖೆ ಆಗ ತನ್ನ ಮುನ್ಸೂಚನೆಗಳಲ್ಲಿ ಸುಂಟರಗಾಳಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಆ ಮೌನ ಮುರಿದದ್ದು 1950ರಲ್ಲಿ.

ರಾತ್ರಿ ಊಟದ ಮೇಜಿನ ಮೇಲೆ ನಾಳೆಯ ನಕ್ಷೆ ತೆರೆದುಕೊಳ್ಳುತ್ತದೆ. ಅಪಾಯ ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆ, ಕೆಂಪು, ಕೊನೆಗೆ ನೇರಳೆಗೆಂಪು ಹಚ್ಚುವುದು ಇಲ್ಲಿನ ಪದ್ಧತಿ. ಟೆಕ್ಸಸ್‌ನ ಉತ್ತರದ ಚಾಚು, ಒಕ್ಲಹೋಮಾದ ಪಶ್ಚಿಮದಂಚು ಕಿತ್ತಳೆಯಾಗಿವೆ. "ಇಲ್ಲೇ ಯಾಕೆ ಗೊತ್ತಾ?" ಎಂದು ಹುಡುಗ ಬೆರಳಿಡುತ್ತಾನೆ. ದಕ್ಷಿಣದಲ್ಲಿ ಮೆಕ್ಸಿಕೋ ಕೊಲ್ಲಿ. ಅದರ ಬೆಚ್ಚನೆಯ ತೇವದ ಗಾಳಿ ಯಾವ ಬೆಟ್ಟದ ಅಡ್ಡಿಯೂ ಇಲ್ಲದೆ ಬಯಲಿನ ಮೇಲೆ ಹರಿದುಬರುತ್ತದೆ. ನೈರುತ್ಯದ ಮರುಭೂಮಿಯಿಂದ ಒಣಗಾಳಿ. ಪಶ್ಚಿಮದ ರಾಕಿ ಪರ್ವತಗಳನ್ನು ದಾಟಿ ಎತ್ತರದಲ್ಲಿ ಬೀಸುವ ತಣ್ಣನೆಯ ವೇಗದ ಗಾಳಿ. ನೆಲದ ಮೇಲೆ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು, ಎತ್ತರಕ್ಕೆ ಹೋದಷ್ಟೂ ಹೆಚ್ಚುವ ವೇಗ. ಈ ವ್ಯತ್ಯಾಸದಲ್ಲಿ ಏಳುವ ಮೋಡ ನೆಟ್ಟಗೆ ಏಳದೆ ತಿರುಗುತ್ತ ಏಳುತ್ತದೆ. ಹಾಗೆ ತಿರುಗುವ ಮಹಾಮೋಡಕ್ಕೆ ಸೂಪರ್‌ಸೆಲ್ ಎನ್ನುತ್ತಾರೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಏಳುತ್ತವೆ. ಅತಿ ಭಯಂಕರವಾದವೆಲ್ಲ ಬಹುಮಟ್ಟಿಗೆ ಸೂಪರ್‌ಸೆಲ್‌ಗಳ ಮಕ್ಕಳು.

ಬೆಳಗ್ಗೆ ಹೊರಡುತ್ತೇವೆ. ಹಿಂದಿನ ಸೀಟಿನಲ್ಲಿ ಅವನ ಸಹಪಾಠಿ, ಕ್ಯಾನ್ಸಾಸ್‌ನ ಗೋಧಿ ರೈತರ ಮಗಳು. ಮಡಿಲಲ್ಲಿ ಲ್ಯಾಪ್‌ಟಾಪು, ಕಾಲ ಬಳಿ ಕಾಗದದ ನಕ್ಷೆಗಳ ಕಟ್ಟು. ಮೊಬೈಲ್ ಸಂಕೇತ ಸಿಗದ ಕಡೆ ಅವೇ ದಾರಿ ತೋರಿಸಬೇಕು. ಹೆದ್ದಾರಿ 40 ಪಶ್ಚಿಮಕ್ಕೆ ನೇರ ಓಡುತ್ತದೆ. ಕೆಂಪು ಮಣ್ಣು, ಅದರ ಮೇಲೆ ಹೊನ್ನಿಗೆ ತಿರುಗುತ್ತಿರುವ ಗೋಧಿ, ಅದರ ಮೇಲೆ ಇಷ್ಟೊಂದು ಆಕಾಶ. ಬೆಟ್ಟವಿಲ್ಲ, ಕಾಡಿಲ್ಲ, ಕಣ್ಣಿಗೆ ತಡೆಯಿಲ್ಲ. ಮಲೆನಾಡಿನ ಇಕ್ಕಟ್ಟಿನ ಆಕಾಶದ ಕೆಳಗೆ ಬೆಳೆದ ನನಗೆ ನೋಟ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ.

ಎಲ್ ರೀನೊ ಹತ್ತಿರವಾಗುತ್ತಿದ್ದಂತೆ ಕಾರಿನೊಳಗಿನ ಮಾತು ತಗ್ಗುತ್ತದೆ. ಇಲ್ಲಿಂದ ದಕ್ಷಿಣಕ್ಕಿರುವ ಯೂನಿಯನ್ ಸಿಟಿಯಲ್ಲಿ 1973ರ ಮೇ 24ರಂದು ಒಂದು ದೊಡ್ಡ ಘಟನೆ ನಡೆಯಿತು. ಸುಂಟರಗಾಳಿಯೊಂದನ್ನು ಹುಟ್ಟಿನಿಂದ ಅಳಿವಿನವರೆಗೆ ನೆಲದ ಮೇಲಿಂದ ಒಂದು ತಂಡ ಚಿತ್ರೀಕರಿಸುತ್ತಿದ್ದಾಗಲೇ ನಾರ್ಮನ್ನಿನ ಡಾಪ್ಲರ್ ರೇಡಾರ್ ಅದೇ ಮೋಡದ ಒಡಲನ್ನು ಅಳೆಯುತ್ತಿತ್ತು. ಮೋಡದ ಒಳಗಿನ ಬಿಗಿ ಸುತ್ತು ನೆಲ ಮುಟ್ಟುವ ಮೊದಲೇ ರೇಡಾರಿನಲ್ಲಿ ಗುರುತು ಬಿಡುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು ಹಾಗೆ. ಕಣ್ಣು ಮತ್ತು ಯಂತ್ರ ಅಂದು ಒಂದಕ್ಕೊಂದು ಸಾಕ್ಷಿ ನುಡಿದವು.

ಇದೇ ಎಲ್ ರೀನೊದ ಹೊರವಲಯದಲ್ಲಿ 2013ರ ಮೇ 31ರಂದು ಎದ್ದ ಸುಂಟರಗಾಳಿ 4.2 ಕಿಲೋಮೀಟರ್ ಅಗಲವಿತ್ತು. ದಾಖಲೆಯಲ್ಲಿ ಅದಕ್ಕಿಂತ ಅಗಲವಾದದ್ದಿಲ್ಲ. ಕೆಲವೇ ನಿಮಿಷಗಳಲ್ಲಿ ಹಿಗ್ಗಿ, ದಿಕ್ಕು ಬದಲಿಸಿ, ವೇಗ ಹೆಚ್ಚಿಸಿಕೊಂಡ ಅದು ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರನ್ನೂ ಬಲಿ ತೆಗೆದುಕೊಂಡಿತು. ಬಿರುಗಾಳಿಯನ್ನು ಬೆನ್ನಟ್ಟುವವರಲ್ಲೇ ಅತ್ಯಂತ ಎಚ್ಚರಿಕೆಯವರೆಂದು ಹೆಸರಾದವರು ಸಮಾರಸ್. 2003ರ ಜೂನ್ 24ರಂದು ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರಿನ ಬಳಿ ಅವರು ನೆಲದ ಮೇಲಿಟ್ಟು ಬಂದ ಉಪಕರಣದ ಮೇಲೆ ಸುಂಟರಗಾಳಿ ನೇರ ಹಾಯ್ದು, ವಾಯುಭಾರ 100 ಮಿಲಿಬಾರ್ ಕುಸಿದದ್ದು ದಾಖಲಾಗಿತ್ತು. ಟೋಟೋಗೆ ದಕ್ಕದ್ದು ಅವರಿಗೆ ದಕ್ಕಿತ್ತು. ಅವರು ಹೋದ ಮೇಲೆ ಬೆನ್ನಟ್ಟುವವರೆಲ್ಲ ತಮ್ಮ ವಾಹನಗಳ ಜಾಗ ತೋರಿಸುವ ಜಿಪಿಎಸ್ ಚುಕ್ಕೆಗಳನ್ನು ನಕ್ಷೆಯ ಮೇಲೆ ಸಾಲುಗೂಡಿಸಿ ಆ ಮೂವರ ಹೆಸರಿನ ಮೊದಲಕ್ಷರಗಳನ್ನು ಬರೆದರು. ರಸ್ತೆಯ ಪಕ್ಕದ ಸ್ಮಾರಕದ ಬಳಿ ನಾವು ಇಳಿದು ನಿಲ್ಲುತ್ತೇವೆ. ಗೋಧಿಯ ಮೇಲೆ ಗಾಳಿ ಸರಸರ ಓಡುತ್ತದೆ. ತಂತಿಬೇಲಿಯ ಮೇಲೆ ಕತ್ತರಿಬಾಲದ ಹಕ್ಕಿಯೊಂದು ಕೂತು, ಉದ್ದನೆಯ ಬಾಲ ತೆರೆದು ಮುಚ್ಚಿ, ಹಾರಿಹೋಗುತ್ತದೆ. ಒಕ್ಲಹೋಮಾದ ರಾಜ್ಯಪಕ್ಷಿ ಅದು.

ಮುಂದೆ ಊರುಗಳು ವಿರಳವಾಗುತ್ತವೆ. ದೂರದ ಧಾನ್ಯ ಸಂಗ್ರಹದ ಬಿಳಿ ಗೋಪುರ ಕಂಡರೆ ಅಲ್ಲೊಂದು ಊರಿದೆ ಎಂದರ್ಥ. ಈ ನೆಲದ ದಕ್ಷಿಣಕ್ಕೆ ಮೂಲನಿವಾಸಿ ಕಯೋವಾ ಜನರ ರೇನಿ ಮೌಂಟನ್ ಇದೆ. ಅವರ ಹಳೆಯ ಕಥೆಯೊಂದನ್ನು ಕಯೋವಾ ಲೇಖಕ ಎನ್. ಸ್ಕಾಟ್ ಮೊಮಡೆ 1969ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಬಹಳ ಹಿಂದೆ ಅವರ ಪೂರ್ವಜರು ಮಣ್ಣಿನಿಂದ ಕುದುರೆಯೊಂದನ್ನು ಮಾಡಲು ಹೊರಟರಂತೆ. ಅರ್ಧ ಆಗುತ್ತಲೇ ಅದು ಮಿಸುಕಿತು, ಸುತ್ತತೊಡಗಿತು, ಮರಗಳನ್ನು ಕಿತ್ತೆಸೆಯಿತು. ಅದೇ ಸುಂಟರಗಾಳಿಯಾಯಿತು. ಹಾಗಾಗಿ ಅದು ಬಂದಾಗ ಕಯೋವಾಗಳು ಅದರೊಡನೆ ಮಾತಾಡುತ್ತಾರೆ, ನಮ್ಮನ್ನು ಬಿಟ್ಟು ಮುಂದೆ ಹೋಗು ಎನ್ನುತ್ತಾರೆ. ತಮ್ಮ ಮಾತು ಅದಕ್ಕೆ ತಿಳಿಯುತ್ತದೆಂಬುದು ಅವರ ನಂಬಿಕೆ. ಕಿಟಕಿಯಾಚೆ ಓಡುವ ಕೆಂಪು ದಿಣ್ಣೆಗಳನ್ನು ನೋಡುತ್ತ ನಾನು ಆ ಮಣ್ಣಿನ ಕುದುರೆಯನ್ನೇ ನೆನೆಯುತ್ತೇನೆ. ತಾವೇ ಮಾಡಿದ್ದೆಂದು ಒಪ್ಪಿಕೊಂಡು, ಅದನ್ನು ಮಾತಾಡಿಸುವ ಜನ! ಭಯವನ್ನು ಇಷ್ಟು ಹತ್ತಿರದಿಂದ ಬಲ್ಲವರು ಇನ್ನೆಲ್ಲಿದ್ದಾರು?

ಟೆಕ್ಸಸ್ ಗಡಿ ದಾಟಿ ಕೆನೇಡಿಯನ್ ಎಂಬ ಊರಿನ ಪೆಟ್ರೋಲ್ ಬಂಕಿಗೆ ಬಂದರೆ ಅಲ್ಲಿ ಜಾತ್ರೆಯೇ ನೆರೆದಿದೆ. ಆಲಿಕಲ್ಲಿನ ಏಟಿಗೆ ಗುಳಿಬಿದ್ದ ಕಾರುಗಳು, ಚಾವಣಿಯ ಮೇಲೆ ಗಿರಗಿರ ತಿರುಗುವ ಗಾಳಿಮಾಪಕಗಳು, ಬಾನೆಟ್ಟಿನ ಮೇಲೆ ಹರಡಿದ ನಕ್ಷೆಗಳು. ನಿವೃತ್ತ ಅಂಚೆ ನೌಕರ, ದಾದಿ, ಕಾಲೇಜು ಹುಡುಗರು, ಸಮುದ್ರ ದಾಟಿ ಬಂದ ಪ್ರವಾಸಿಗಳು. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. "ಎಲ್ಲಿ ಏಳುತ್ತೆ ಅಂತೀರಿ?" ಎಂಬುದೇ ಮೊದಲ ಮಾತು. ಈ ಹುಚ್ಚಿಗೆ ಹಿರಿಯರೂ ಇದ್ದಾರೆ. ಉತ್ತರ ಡಕೋಟಾದ ಬಿಸ್ಮಾರ್ಕ್ ಊರಿನ ಡೇವಿಡ್ ಹೋಡ್ಲಿ 1956ರಲ್ಲಿ, ರೇಡಾರ್ ಚಿತ್ರ ಕೈಗೆ ಸಿಗದ ಕಾಲದಲ್ಲಿ, ಬರಿಗಣ್ಣು ಮತ್ತು ನಕ್ಷೆ ನಂಬಿ ಬಿರುಗಾಳಿಯ ಬೆನ್ನು ಹತ್ತಿದವರು. 1977ರಲ್ಲಿ ಅವರು ಶುರುಮಾಡಿದ ‘ಸ್ಟಾರ್ಮ್ ಟ್ರ್ಯಾಕ್’ ಪತ್ರಿಕೆಯಿಂದಲೇ ಬಿಡಿಬಿಡಿಯಾಗಿ ಅಲೆಯುತ್ತಿದ್ದವರು ಒಂದು ಬಳಗವಾದರು.

ಕೆನೇಡಿಯನ್ನಿನಿಂದ ಈಶಾನ್ಯಕ್ಕೆ ಹೊರಟ ರಸ್ತೆಯಲ್ಲಿ ಗ್ಲೇಜಿಯರ್ ಬರುತ್ತದೆ. ಬಂದದ್ದು ತಿಳಿಯುವಷ್ಟರಲ್ಲಿ ಹೋಗಿಬಿಡುತ್ತದೆ. ಆಮೇಲೆ ಹಿಗ್ಗಿನ್ಸ್. "ನಾವು ಈಗ ಯಾವುದರ ಹೆಜ್ಜೆ ಮೇಲೆ ಹೋಗ್ತಿದೀವಿ ಗೊತ್ತಾ ಚಿಕ್ಕಮ್ಮ?" 1947ರ ಏಪ್ರಿಲ್ 9ರ ಸಂಜೆ ಟೆಕ್ಸಸ್‌ನಲ್ಲಿ ಎದ್ದ ಸುಂಟರಗಾಳಿ ಗ್ಲೇಜಿಯರನ್ನು ಹೆಚ್ಚುಕಡಿಮೆ ಅಳಿಸಿಹಾಕಿ, ಹಿಗ್ಗಿನ್ಸನ್ನು ಕೆಡವಿ, ಗಡಿ ದಾಟಿ ಒಕ್ಲಹೋಮಾದ ವುಡ್‌ವರ್ಡ್ ಪಟ್ಟಣದತ್ತ ಹೋಯಿತು. ಆ ಹೊತ್ತಿಗೆ ಕತ್ತಲಾಗಿತ್ತು. ಹಿಂದಿನ ಊರುಗಳು ನೆಲಸಮವಾದ ಸುದ್ದಿ ಮುಂದಿನ ಊರಿಗೆ ತಲುಪಲಿಲ್ಲ. ಸೈರನ್ ಇಲ್ಲ, ಎಚ್ಚರಿಕೆ ಇಲ್ಲ. ವುಡ್‌ವರ್ಡ್ ಒಂದರಲ್ಲೇ 107 ಜನ ಸತ್ತರು; ಒಟ್ಟು 180ಕ್ಕೂ ಹೆಚ್ಚು. ಗಂಟೆಗಟ್ಟಲೆ ನೆಲದ ಮೇಲೆ ನಡೆದುಬಂದ ಸಾವನ್ನು ದಾರಿಯುದ್ದಕ್ಕೂ ಕಂಡವರಿದ್ದರು, ಮುಂದಿನವರಿಗೆ ಹೇಳುವ ದಾರಿ ಇರಲಿಲ್ಲ. ಈ ಸಪಾಟು ರಸ್ತೆಯ ಮೇಲೆ ಕೂತು ಅದನ್ನು ಕೇಳುವಾಗ ಗಂಟಲು ಕಟ್ಟುತ್ತದೆ.

ಗಡಿ ದಾಟಿ ಮತ್ತೆ ಒಕ್ಲಹೋಮಾ ಹೊಕ್ಕು, ಶಾಟಕ್ ಊರಿನಲ್ಲಿ ಕಾಯಲು ನಿಲ್ಲುತ್ತೇವೆ. ಇಲ್ಲೊಂದು ಗಾಳಿಗಿರಣಿಗಳ ಸಂಗ್ರಹಾಲಯವಿದೆ. ಬಯಲಿಗೆ ಮೊದಲು ಬಂದು ನೆಲೆಸಿದವರಿಗೆ ನೀರೆತ್ತಿಕೊಟ್ಟ ಹಳೆಯ ಗಿರಣಿಗಳು, ಮರದವು, ಉಕ್ಕಿನವು, ಹತ್ತಾರು, ಹುಲ್ಲಿನ ಮೇಲೆ ಸಾಲಾಗಿ ನಿಂತಿವೆ. ಸೆಕೆ ಮೈಗಂಟುತ್ತದೆ, ರೋಹಿಣಿ ಮಳೆಗೆ ಮುಂಚಿನ ನಮ್ಮ ಮಧ್ಯಾಹ್ನಗಳ ಅದೇ ಅಂಟು. ಗಿರಣಿಗಳ ರೆಕ್ಕೆಗಳು ಕರಕರ ಸದ್ದು ಮಾಡುತ್ತ ತಿರುಗುತ್ತಿವೆ. "ಮುಖ ಯಾವ ಕಡೆ ಇದೆ ನೋಡು," ಎನ್ನುತ್ತಾನೆ ಹುಡುಗ. ನೋಡುತ್ತೇನೆ: ಎಲ್ಲವೂ ಆಗ್ನೇಯಕ್ಕೆ ಮುಖ ಮಾಡಿವೆ! ಸಾವಿರ ಕಿಲೋಮೀಟರ್ ಆಚೆಯ ಕೊಲ್ಲಿಯ ತೇವ ಈ ಹಳೆಯ ರೆಕ್ಕೆಗಳನ್ನು ತಿರುಗಿಸುತ್ತಿದೆ. ನಿನ್ನೆ ಪರದೆಯ ಮೇಲೆ ಕಂಡ ನಕ್ಷೆಯ ಬಾಣಗಳು ಇಂದು ಕಣ್ಣೆದುರು ಕಬ್ಬಿಣವಾಗಿ ನಿಂತಿವೆ.

ಮೂರು ಗಂಟೆ. ನಾಲ್ಕು ಗಂಟೆ. ಪಶ್ಚಿಮದಲ್ಲಿ ಪುಟ್ಟ ಮೋಡಗಳು ಏಳುತ್ತವೆ, ಚದುರುತ್ತವೆ. ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಅಡ್ಡ ಮಲಗಿದೆ. ಕುದಿಯುವ ಅನ್ನದ ಪಾತ್ರೆಗೆ ಮುಚ್ಚಿದ ತಟ್ಟೆಯ ಹಾಗೆ ಅದು ಕೆಳಗಿನ ಕಾವನ್ನು ತಡೆದು ಹಿಡಿದಿದೆ. ತಟ್ಟೆ ಸರಿಯದಿದ್ದರೆ ಇಡೀ ದಿನ ಬರೀ ನೀಲಿ ಆಕಾಶ. ತಡವಾಗಿ ಸರಿದರೆ ಅಷ್ಟೂ ಹೊತ್ತು ಕೂಡಿಟ್ಟ ಕಾವೆಲ್ಲ ಒಮ್ಮೆಗೇ ಏಳುತ್ತದೆ. ನಮ್ಮ ಪಕ್ಕದಲ್ಲಿ ಪಿಕಪ್ ನಿಲ್ಲಿಸಿಕೊಂಡು ಕೂತಿರುವ ವಯಸ್ಸಾದ ದನಗಾಹಿ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು. ಆಕಾಶ ನೋಡಿ ವರದಿ ಮಾಡುವ ತರಬೇತಿ ಪಡೆದವರು, ಕೈಯಲ್ಲಿ ರೇಡಿಯೋ. "ರೇಡಾರ್ ಇದೆಯಲ್ಲ, ನೀವು ಯಾಕೆ ನೋಡಬೇಕು?" ಎಂದು ಕೇಳುತ್ತೇನೆ. ಅವರು ಅಂಗೈಯನ್ನು ಅಡ್ಡ ಹಿಡಿದು ತೋರಿಸುತ್ತಾರೆ: ಭೂಮಿ ಬಾಗಿದೆ, ರೇಡಾರಿನ ಕಿರಣ ನೇರ ಹೋಗುತ್ತದೆ. ದೂರ ಹೋದಂತೆ ಅದು ನೆಲದಿಂದ ಮೇಲೆ ಮೇಲೆ. ಇಷ್ಟು ದೂರದಲ್ಲಿ ಅದಕ್ಕೆ ಮೋಡದ ನಡು ಕಾಣುತ್ತದೆ, ಪಾದ ಕಾಣುವುದಿಲ್ಲ. "ಪಾದ ನೋಡೋದು ನಮ್ಮ ಕೆಲಸ."

ಆಗ ಏಳುತ್ತದೆ. ನೈರುತ್ಯದ ಒಂದು ಮೋಡ ಚದುರದೆ ಉಳಿಯುತ್ತದೆ, ಉಬ್ಬುತ್ತದೆ, ಅಂಚುಗಳು ಗಟ್ಟಿಯಾಗಿ ಬೆಳ್ಳಗೆ ಹೊಳೆಯುತ್ತವೆ. ಕಣ್ಣೆದುರೇ, ಉಸಿರು ಬಿಗಿಹಿಡಿದು ನೋಡುತ್ತಿರುವಂತೆಯೇ, ಬುಗುಬುಗು ಮೇಲೇರಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗೋಪುರವಾಗುತ್ತದೆ. ತುದಿ ಆಕಾಶದ ಮಾಳಿಗೆಗೆ ತಗುಲಿ ಅಡ್ಡಡ್ಡ ಹರಡಿಕೊಳ್ಳುತ್ತದೆ. ಸೂರ್ಯ ಅದರ ಹಿಂದೆ ಮರೆಯಾಗುತ್ತಲೇ ಬಯಲಿನ ಮೇಲೆ ನೆರಳು ಓಡಿಬರುತ್ತದೆ. ಬಂಕಿನಲ್ಲಿ ಕಂಡಿದ್ದ ಜಾತ್ರೆ ಚೆಲ್ಲಾಪಿಲ್ಲಿಯಾಗಿ ರಸ್ತೆಗಿಳಿದಿದೆ. ನಾವೂ ಹೊರಟೆವು.

ಇಲ್ಲಿನ ಹಳ್ಳಿ ರಸ್ತೆಗಳು ಒಂದೊಂದು ಮೈಲಿಗೆ ಒಂದರಂತೆ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಚೌಕುಳಿಯಾಗಿ ಹಾದಿವೆ. ಬೆನ್ನಟ್ಟುವುದೆಂದರೆ ಈ ಚೌಕುಳಿಯ ಮೇಲಿನ ಆಟ. ಮೋಡ ಈಶಾನ್ಯಕ್ಕೆ ಹೊರಟಿದ್ದರೆ ಅದರ ಆಗ್ನೇಯಕ್ಕೆ ನಿಲ್ಲಬೇಕು. ಮಳೆ ಆಲಿಕಲ್ಲಿನ ಪರದೆಯೊಳಗೆ ನುಗ್ಗಬಾರದು. ಎಲ್ಲಿ ನಿಂತರೂ ಪಾರಾಗಲು ದಕ್ಷಿಣಕ್ಕೋ ಪೂರ್ವಕ್ಕೋ ಒಂದು ದಾರಿ ತೆರೆದಿರಬೇಕು. ಕೆಂಪು ಮಣ್ಣಿನ ರಸ್ತೆ ನೆನೆದರೆ ಕಾರು ಹೂತುಹೋಗುತ್ತದೆ, ಜಲ್ಲಿ ಇದ್ದಲ್ಲಿ ಮಾತ್ರ ಹೋಗಬೇಕು. ಹಿಂದಿನ ಸೀಟಿನ ಹುಡುಗಿ ಎಡಕ್ಕೆ, ಬಲಕ್ಕೆ ಎಂದು ತಣ್ಣಗಿನ ದನಿಯಲ್ಲಿ ಹೇಳುತ್ತ ಹೋಗುತ್ತಾಳೆ. ಒಂದು ದಿಣ್ಣೆಯ ನೆತ್ತಿಯಲ್ಲಿ ಕಾರು ನಿಲ್ಲುತ್ತದೆ. ಬಾಗಿಲು ತೆರೆದೊಡನೆ ಬಿಸಿಗಾಳಿ ಸೆರಗು ಕಸಿಯುತ್ತದೆ. ಎದುರಿನಿಂದಲ್ಲ, ಬೆನ್ನ ಹಿಂದಿನಿಂದ! ಮೋಡ ಉಸಿರೆಳೆದುಕೊಳ್ಳುತ್ತಿದೆ. ಗೋಧಿ, ಹುಲ್ಲು, ಧೂಳು, ನಮ್ಮ ಮಾತು ಎಲ್ಲವೂ ಅದರ ಕಡೆಗೇ ಓಡುತ್ತಿವೆ. ಹಸಿ ಸೇಜ್ ಗಿಡಗಳ ಕಟು ಪರಿಮಳ ಮೂಗು ತುಂಬುತ್ತದೆ.

ಎದುರಿಗೆ ಆಕಾಶ ತಿರುಗುತ್ತಿದೆ. ಇದನ್ನು ಹೇಗೆ ಹೇಳಲಿ? ಊರಿಗಿಂತ ದೊಡ್ಡದಾದ, ಉಂಗುರ ಉಂಗುರವಾಗಿ ಕಡೆದ ಬೂದುನೀಲಿ ಮೋಡ, ಸಮಾಧಾನದಿಂದ, ಅಪ್ರದಕ್ಷಿಣವಾಗಿ ಸುತ್ತುತ್ತಿದೆ. ಅದರ ಬಲಕ್ಕೆ ಮಳೆಯ ಗೋಡೆ. ಆ ಗೋಡೆಯೊಳಗೆ ಆಲಿಕಲ್ಲು ತುಂಬಿದಲ್ಲಿ ಪಾಚಿಹಸಿರು ಬೆಳಕು. ನಡುವೆ ಕಪ್ಪು ತಳದಿಂದ ಒಂದು ತುಂಡು ಕೆಳಗಿಳಿದು ತಾನೂ ಬೇರೆ ವೇಗದಲ್ಲಿ ತಿರುಗುತ್ತದೆ. ಅದರ ಹಿಂದಿನಿಂದ ಒಣಗಾಳಿ ಸುತ್ತಿಬಂದು ಮೋಡವನ್ನು ಕೊರೆಯುತ್ತದೆ. ಕೊರೆದಲ್ಲಿ ಹಳದಿ ಬಿಸಿಲು ಒಡೆದು ಬೀಳುತ್ತದೆ. "ಈಗ," ಎನ್ನುತ್ತಾನೆ ಹುಡುಗ. ಅವನ ದನಿ ನಡುಗುತ್ತಿದೆ.

ಮೊದಲು ನೆಲದ ಮೇಲೆ ಕೆಂಪು ಧೂಳಿನ ಸುಳಿ. ಮೇಲೆ ಬಿಳಿಯ ಮೊನೆ. ನಡುವೆ ಏನೂ ಇಲ್ಲ. ಕ್ಷಣದಲ್ಲಿ ಎರಡೂ ಕೂಡಿಕೊಂಡು, ಆಕಾಶದಿಂದ ಭೂಮಿಗೆ ಇಳಿದ ಕಂಬವಾಗಿ ನಿಲ್ಲುತ್ತವೆ. ಬಿಸಿಲು ಬಿದ್ದಲ್ಲಿ ಬೆಳ್ಳಿ, ಬುಡದಲ್ಲಿ ಒಕ್ಲಹೋಮಾದ ಮಣ್ಣಿನ ಕೆಂಪು. ದೂರದ ಜೋಗದ ಭೋರ್ಗರೆತದಂಥ ಒಂದೇ ಸಮನೆಯ ಮೊರೆತ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ನನ್ನ ಕಣ್ಣಲ್ಲಿ ನೀರು. ಅದೆಷ್ಟು ಸುಂದರ! ಅದೆಷ್ಟು ನಿಷ್ಕರುಣ! ಅದು ಖಾಲಿ ಹುಲ್ಲುಗಾವಲಿನ ಮೇಲೆ ನಡೆಯುತ್ತಿದೆ ಎಂದು ಗೊತ್ತಿರುವುದರಿಂದಷ್ಟೇ ಈ ಆನಂದ ನನ್ನದಾಗಬಹುದು. ಅದರ ದಾರಿಯಲ್ಲಿ ಒಂದು ಮನೆ ಇದ್ದಿದ್ದರೆ? ಅದೇ ಹೊತ್ತಿಗೆ ಸಹಪಾಠಿ ಫೋನಿನಲ್ಲಿ ವರದಿ ಮಾಡುತ್ತಿದ್ದಾಳೆ: ಜಾಗ, ದಿಕ್ಕು, ಹೊತ್ತು. ಸ್ವಲ್ಪ ಆಚೆ ಪಿಕಪ್ಪಿನ ಹಿರಿಯರು ರೇಡಿಯೋದಲ್ಲಿ ಅದನ್ನೇ ಹೇಳುತ್ತಿದ್ದಾರೆ. ಕೆಲವೇ ಕ್ಷಣಗಳಲ್ಲಿ ನಮ್ಮೆಲ್ಲರ ಜೇಬುಗಳಲ್ಲಿ ಫೋನುಗಳು ಒಟ್ಟಿಗೆ ಚೀರುತ್ತವೆ: ಸುಂಟರಗಾಳಿಯನ್ನು ಕಣ್ಣಾರೆ ಕಂಡದ್ದು ಖಚಿತ, ಆಸರೆ ಪಡೆಯಿರಿ. ಇವರು ಕಂಡದ್ದು ಆಗಲೇ ಮುಂದಿನ ಊರಿನ ಅಡುಗೆಮನೆಗಳನ್ನು ತಲುಪಿದೆ.

ಕಂಬ ತೆಳ್ಳಗಾಗುತ್ತದೆ, ಬಾಗುತ್ತದೆ, ಹಗ್ಗವಾಗಿ ತಿರುಚಿಕೊಂಡು ಆಕಾಶದ ಅರ್ಧದಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಇಲ್ಲ. ಉತ್ತರದಿಂದ ತಣ್ಣನೆಯ ಗಾಳಿ ಬಂದು ಬೆವರನ್ನು ಒರೆಸುತ್ತದೆ. ರಸ್ತೆಯ ಮೇಲೆ ಅಲ್ಲೊಂದು ಇಲ್ಲೊಂದು ಆಲಿಕಲ್ಲು ಟಪ್ಪೆಂದು ಬಿದ್ದು ಪುಟಿಯುತ್ತವೆ. ಒಂದನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡರೆ ಒಳಗೆ ಪದರ ಪದರವಾಗಿ ಹಾಲುಬಿಳಿ, ಗಾಜುಬಿಳಿ. ದಕ್ಷಿಣ ಡಕೋಟಾದ ವಿವಿಯನ್‌ನಲ್ಲಿ 2010ರಲ್ಲಿ ಬಿದ್ದ ಆಲಿಕಲ್ಲು 20 ಸೆಂಟಿಮೀಟರ್ ಅಡ್ಡಳತೆಯದು, ಹತ್ತಿರ ಹತ್ತಿರ 900 ಗ್ರಾಂ ತೂಕದ್ದು. ಅಂಥದ್ದನ್ನು ಆಕಾಶದಲ್ಲಿ ಎತ್ತಿ ಹಿಡಿದ ಗಾಳಿಯ ಬಲವನ್ನು ಊಹಿಸುತ್ತ ನಾವು ವುಡ್‌ವರ್ಡ್ ಕಡೆ ಹೊರಳುತ್ತೇವೆ. ಹಿಂದೆ ಉಳಿದ ಮೋಡದ ಅಡಿಯಲ್ಲಿ ಸಾವಿರಾರು ಗುಬ್ಬುಗಳು ಜೋತುಬಿದ್ದು ಮುಳುಗುವ ಬಿಸಿಲಿಗೆ ಕೆಂಪಾಗುತ್ತವೆ, ಹೊನ್ನಾಗುತ್ತವೆ, ಕೊನೆಗೆ ನೇರಳೆಯಾಗುತ್ತವೆ.

ರಾತ್ರಿ ವುಡ್‌ವರ್ಡ್‌ನ ಹೋಟೆಲಿನ ಅಂಗಳದಲ್ಲಿ ಕೂತು ದೂರದ ಮಿಂಚು ನೋಡುತ್ತ ಮಾತು ನಮ್ಮ ಕಡೆಗೆ ಹೊರಳುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಎದ್ದದ್ದು ನಮ್ಮ ಉಪಖಂಡದಲ್ಲೇ: 1989ರ ಏಪ್ರಿಲ್ 26, ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ, ಸುಮಾರು 1,300 ಜನ. ಕರ್ನಾಟಕದ ಬಯಲುಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಗುಡುಗುಮಳೆಯ ಸಿಡಿಲಿಗೆ ಹೊಲದಲ್ಲಿದ್ದ ರೈತರು, ಕುರಿಗಾಹಿಗಳು ಬಲಿಯಾಗುತ್ತಲೇ ಇದ್ದಾರೆ. ಈಗ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮುಂಚಿತವಾಗಿ ಎಚ್ಚರಿಸುತ್ತದೆ. "ಆ್ಯಪ್ ಹೇಳುತ್ತೆ. ಕೇಳಿಸ್ಕೊಂಡು ಪಕ್ಕದ ಹೊಲದವನಿಗೆ ಕೂಗಿ ಹೇಳೋನು ಒಬ್ಬ ಬೇಕು," ಎನ್ನುತ್ತಾನೆ ಹುಡುಗ. ಓದು ಮುಗಿಸಿ ಅವನು ಏನು ಮಾಡಬೇಕೆಂದಿದ್ದಾನೆ ಎಂಬುದು ನನಗೆ ಅರ್ಥವಾಗುತ್ತದೆ.

ಮರುದಿನ ಉತ್ತರಕ್ಕೆ. ಬಫಲೊ ದಾಟಿ ಕ್ಯಾನ್ಸಾಸ್ ಹೊಕ್ಕು, ಕೋಲ್ಡ್‌ವಾಟರ್ ಹಾದು, ಗ್ರೀನ್ಸ್‌ಬರ್ಗ್ ಸೇರುತ್ತೇವೆ. ದಾರಿಯ ಇಕ್ಕೆಲದಲ್ಲೂ ತೊಳೆದಿಟ್ಟ ಗೋಧಿ, ಬೇಲಿಗೂಟಗಳ ಮೇಲೆ ಹಳದಿ ಎದೆಯ ಮೆಡೋಲಾರ್ಕ್ ಹಕ್ಕಿಗಳ ಕೊಳಲು. ಕ್ಯಾನ್ಸಾಸ್‌ಗೆ ಈ ಚಳಿಗಾಲದ ಕೆಂಪು ಗೋಧಿಯನ್ನು 1874ರಲ್ಲಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಮೆನ್ನೊನೈಟ್ ಕುಟುಂಬಗಳು ತಂದವಂತೆ. ಊರಿನಲ್ಲಿ ಕಟ್ಟಡಗಳೆಲ್ಲ ಹೊಸವು, ಮರಗಳೆಲ್ಲ ಎಳೆಯವು. ಕಾರಣ 2007ರ ಮೇ 4ರ ರಾತ್ರಿ. ಸುಮಾರು 2.7 ಕಿಲೋಮೀಟರ್ ಅಗಲದ ಸುಂಟರಗಾಳಿ ಊರಿನ ನೂರಕ್ಕೆ ತೊಂಬತ್ತೈದು ಭಾಗವನ್ನು ಅಳಿಸಿಹಾಕಿತು.

ಹಾನಿಯನ್ನು ಓದಿ ಗಾಳಿಯ ಬಲ ಅಳೆಯುವ ಮಾಪಕವನ್ನು 1971ರಲ್ಲಿ ಕೊಟ್ಟವರು ಜಪಾನಿನ ಕ್ಯೂಶೂ ದ್ವೀಪದಲ್ಲಿ 1920ರಲ್ಲಿ ಹುಟ್ಟಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ಟೆಡ್ ಫುಜಿಟಾ. ಅಣುಬಾಂಬಿಗೆ ತುತ್ತಾದ ನಾಗಸಾಕಿ, ಹಿರೋಶಿಮಾಗಳಲ್ಲಿ ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಎಂದು ಗುರುತಿಸುತ್ತ ನಡೆದಿದ್ದ ಕಣ್ಣುಗಳು ಅವರವು. ಆ ಮಾಪಕದ ಸುಧಾರಿತ ರೂಪ 2007ರ ಫೆಬ್ರವರಿಯಲ್ಲಿ ಜಾರಿಗೆ ಬಂತು; ಅದರ ಅತ್ಯುಚ್ಚ ದರ್ಜೆಯಾದ ಇಎಫ್5 ಮೊದಲು ಬಿದ್ದದ್ದು ಈ ಪುಟ್ಟ ಊರಿನ ಮೇಲೆ.

ಊರವರು ಬಿಟ್ಟುಹೋಗಲಿಲ್ಲ. ಗಾಳಿಯಿಂದ ಕಳೆದುಕೊಂಡ ಊರನ್ನು ಗಾಳಿವಿದ್ಯುತ್ತಿನಿಂದಲೇ ಬೆಳಗಿಸಿ ಕಟ್ಟಿಕೊಂಡರು. ನಡುಪೇಟೆಯ ಹೊಸ ಸಂಗ್ರಹಾಲಯದೊಳಗೆ 1887-88ರಲ್ಲಿ ಗುದ್ದಲಿ ಸಲಿಕೆಗಳಿಂದ ತೋಡಿದ ಬಾವಿಯಿದೆ. 109 ಅಡಿ ಆಳ, 32 ಅಡಿ ಅಗಲ. ಕೈಯಿಂದ ತೋಡಿದ ಬಾವಿಗಳಲ್ಲಿ ಜಗತ್ತಿಗೇ ದೊಡ್ಡದೆಂದು ಊರಿಗೆ ಹೆಮ್ಮೆ. ಮೆಟ್ಟಿಲಿಳಿದು ತಣ್ಣನೆಯ ಕಲ್ಲುಗಳನ್ನು ಮುಟ್ಟಿ ಬರುತ್ತೇನೆ. ಮೇಲೆ, ಈ ಸೀಮೆಯ ಮಣ್ಣಿನಿಂದ ಅಗೆದು ತೆಗೆದ, ಸಾವಿರ ಪೌಂಡ್ ತೂಕದ ಉಲ್ಕಾಶಿಲೆ. ಆಕಾಶದಿಂದ ಬಿದ್ದು, ಆಕಾಶದಿಂದ ಇಳಿದ ಗಾಳಿಯನ್ನೂ ತಾಳಿಕೊಂಡ ಕಲ್ಲು.

ಅಲ್ಲಿ ಸಂದರ್ಶಕರನ್ನು ಬರಮಾಡಿಕೊಳ್ಳುವ ಹಿರಿಯ ಮಹಿಳೆ ಹೇಳುತ್ತಾರೆ: ಆ ರಾತ್ರಿ ಸುಂಟರಗಾಳಿ ಊರು ಮುಟ್ಟುವ ಸುಮಾರು ಇಪ್ಪತ್ತು ನಿಮಿಷ ಮೊದಲೇ ಸೈರನ್ ಕೂಗಿತ್ತು, ಕೂಗುತ್ತಲೇ ಇತ್ತು. ಕತ್ತಲಲ್ಲಿ ಮಿಂಚಿನ ಬೆಳಕಿಗೆ ಅದನ್ನು ಕಂಡ ಬೆನ್ನಟ್ಟುವವರು ಹಿಂದೆಯೇ ಇದ್ದರು. ಜನ ನೆಲಮಾಳಿಗೆಗಳಿಗೆ ಇಳಿದರು. ಬೆಳಗ್ಗೆ ಊರಿರಲಿಲ್ಲ. ಸುಮಾರು ಒಂದೂವರೆ ಸಾವಿರ ಜನರಿದ್ದ ಊರು. ಜೀವ ಕಳೆದುಕೊಂಡವರು ಹತ್ತರ ಆಸುಪಾಸು. ಆ ಒಂದೊಂದು ಜೀವವೂ ದೊಡ್ಡದೇ. ಆದರೆ ನಾವು ನಿನ್ನೆ ಮಲಗೆದ್ದ ವುಡ್‌ವರ್ಡ್ ಇಲ್ಲಿಂದ ಎರಡು ಗಂಟೆಯ ದಾರಿ, 1947ರಿಂದ 2007ಕ್ಕೆ ಅರವತ್ತು ವರ್ಷ. ಅಲ್ಲಿ ಎಚ್ಚರಿಕೆಯಿಲ್ಲದೆ ಸತ್ತವರು 107. ಇಲ್ಲಿ ಊರೇ ಹೋದರೂ ಜನ ಉಳಿದರು. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ತುಂಬಿದವರು ಯಾರು? ಟಿಂಕರಿನ ನಕ್ಷೆಯ ಮುಂದೆ ಕೂತ ಇಬ್ಬರು, ಯೂನಿಯನ್ ಸಿಟಿಯಲ್ಲಿ ಕ್ಯಾಮೆರಾ ಹಿಡಿದು ನಿಂತವರು, ಪೀಪಾಯಿ ಹೊತ್ತವರು, ಎಲ್ ರೀನೊದಲ್ಲಿ ಮಡಿದವರು, ಹೊಲದಂಚಿನಲ್ಲಿ ಪಿಕಪ್ ನಿಲ್ಲಿಸಿ ಮೋಡದ ಪಾದ ನೋಡುವ ದನಗಾಹಿಗಳು. ಬೆರಗಿನಿಂದ ಮೇಲೆ ನೋಡಿದವರೆಲ್ಲ ಕಂಡದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಪಕ್ಕದವರಿಗೆ ಹೇಳಿದರು. ಬೆನ್ನಟ್ಟುವವರ ಹುಚ್ಚಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ.

ಹೊರಗೆ ಬಂದರೆ ಹುಡುಗ ಆಗಲೇ ಇಂದಿನ ನಕ್ಷೆ ತೆರೆದಿದ್ದಾನೆ. ಕಿತ್ತಳೆ ಬಣ್ಣ ನೆಬ್ರಾಸ್ಕಾಕ್ಕೆ ಸರಿದಿದೆ. ಸಂಜೆಯೊಳಗೆ ಅಲ್ಲಿರಬೇಕು, ಅಲ್ಲಿನ ಬಯಲಿನಲ್ಲೂ ಮೋಡದ ಪಾದ ನೋಡುವವರು ಬೇಕು. ಸಹಪಾಠಿ ಉತ್ತರದ ನಕ್ಷೆಯನ್ನು ಮಡಿಲಲ್ಲಿ ಬಿಡಿಸುತ್ತಾಳೆ. ಈ ಸಲ ಅವಳ ಪಕ್ಕದಲ್ಲಿ ಕೂತು ಎಡಕ್ಕೆ, ಬಲಕ್ಕೆ ಎಂದು ದಾರಿ ಓದುವುದನ್ನು ನಾನೂ ಕಲಿಯುತ್ತೇನೆ.